ಸೆರಗು ಸಿಕ್ಕಿಸಿದ ಆಟ

"ಅಜ್ಜಾ, ಬೇಗ ಬನ್ನಿ! ಅಜ್ಜಿ ನನಗೆ ಒಂದು ಪಾಯಿಂಟೂ ಕೊಡ್ತಾ ಇಲ್ಲ!"

ಮೊಮ್ಮಗಳು ಅಮೂಲ್ಯಾ ಕೂಗಿದ್ದು ಕೇಳಿ ಬೆಂಚಿನಿಂದ ಎದ್ದೆ. ಅವಳಿಗೆ ಹನ್ನೊಂದು ತುಂಬಿದ ದಿನ. ಮಗಳು ರಮ್ಯಶ್ರೀ ನಮ್ಮನ್ನೆಲ್ಲ ಕಾಸರಗೋಡಿನ ಮಾಲಿಗೆ ಕರೆತಂದಿದ್ದಳು. ಮೂರನೇ ಮಾಳಿಗೆಯಿಡೀ ವಿಡಿಯೊ ಗೇಮು. ಒಂದು ಕಡೆ ಮಕ್ಕಳು ಕೂತಲ್ಲೇ ಕಾರು ಓಡಿಸುತ್ತಾರೆ, ಇನ್ನೊಂದು ಕಡೆ ಪರದೆಯೊಳಗಿನ ದೆವ್ವಕ್ಕೆ ಗುಂಡು ಹೊಡೆಯುತ್ತಾರೆ. ಬಂದ್ಯೋಡಿನ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಎರೆದ ನನಗೆ ಗದ್ದಲ ಹೊಸತಲ್ಲ. ಇಷ್ಟು ಬಣ್ಣದ ಬೆಳಕು ಹೊಸತು.

ನನ್ನ ಹೆಂಡತಿ ದೇವಕಿ ಒಂದು ಉದ್ದ ಮೇಜಿನ ಮುಂದೆ ನಿಂತಿದ್ದಳು. ಮೇಜಿನ ಸಣ್ಣ ಸಣ್ಣ ತೂತುಗಳಿಂದ ಗಾಳಿ ಬರುತ್ತದೆ, ಆ ಗಾಳಿಯ ಮೇಲೆ ಒಂದು ಬಿಲ್ಲೆ ಜಾರುತ್ತದೆ. ಅದನ್ನು ಹೊಡೆದು ಎದುರಿನವರ ಸಂದಿಗೆ ಬೀಳಿಸಬೇಕು. ಏರ್ ಹಾಕಿ ಎಂದು ಹೆಸರಂತೆ.

ನಾನು ಆಟ ನೋಡಲಿಲ್ಲ, ಅವಳನ್ನು ನೋಡಿದೆ.

ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು. ಹಣೆಗೆ ಬಿದ್ದ ನರೆಗೂದಲಿನ ಎಳೆಯನ್ನು ಉಫ್ ಎಂದು ಊದಿದಳು. ಕೈ ಹೋದದ್ದೇ ಕಾಣಲಿಲ್ಲ, ಠಕ್ ಎಂದಿತು. ಅವಳಿಗೆ ಅರವತ್ತೈದು. ಆ ಹೊತ್ತಿಗೆ ಯಾರು ಕೇಳಿದ್ದರೂ ನಾನು ಇಪ್ಪತ್ತೊಂದು ಎನ್ನುತ್ತಿದ್ದೆ.

"ಅಜ್ಜಾ, ಇನ್ನು ನೀವು," ಎಂದು ಅಮೂಲ್ಯಾ ನನ್ನನ್ನು ತನ್ನ ಜಾಗದಲ್ಲಿ ನಿಲ್ಲಿಸಿ ಐಸ್‌ಕ್ರೀಮ್‌ಗೆಂದು ತಾಯಿಯ ಹತ್ತಿರ ಓಡಿದಳು.

"ನಿನ್ನ ಅಜ್ಜಿ ಪಾಪ, ನನ್ನ ಹತ್ರ ಯಾವಾಗ್ಲೂ ಸೋಲುವವಳು!" ಎಂದು ನಾನು ಹಿಂದಿನಿಂದ ಕೂಗಿ ಹೇಳಿದೆ.

ದೇವಕಿ ನನ್ನನ್ನು ರೆಪ್ಪೆ ಬಡಿಯುವಷ್ಟು ಹೊತ್ತು ನೋಡಿದಳು. ಸೊಂಟದಿಂದ ಸೆರಗನ್ನು ಬಿಡಿಸಿ ಹೆಗಲ ಮೇಲೆ ಹೊದ್ದುಕೊಂಡಳು. ನಾನು ಹೊಡೆದದ್ದು ಸೀದಾ ಅವಳ ಸಂದಿಗೆ ಹೋಯಿತು.

"ಅಯ್ಯೋ, ಹೋಯ್ತು!" ಎಂದಳು.

ನನ್ನ ಕೈ ಅಲ್ಲಿಯೇ ನಿಂತಿತು. ಅದೇ ಮಾತು. ಪ್ರತಿ ವರ್ಷ ಜಡಿಮಳೆಯ ಆಟಿ ತಿಂಗಳಲ್ಲಿ ಚೆನ್ನೆಮಣೆಯ ಮುಂದೆ ಅವಳು ಹೇಳುವ ಮಾತು, ಅದೇ ಹೊದ್ದ ಸೆರಗು, ಅದೇ ದನಿ.

ಮದುವೆಯಾದ ವರ್ಷದ ಆಟಿಗೆ, ರೂಢಿಯಂತೆ, ಹೊಸ ಮದುಮಗಳು ತವರಿಗೆ ಹೋಗಿದ್ದಳು, ನಮ್ಮ ಕಾಸರಗೋಡಿನದೇ ಅನಂತಪುರದ ಹತ್ತಿರ. ಹತ್ತು ದಿನಕ್ಕೇ ನನಗೆ ಮನೆಯಲ್ಲಿ ಕೂರಲಾಗಲಿಲ್ಲ. ಅವಳು ಮರೆತು ಬಿಟ್ಟುಹೋದ ಕೊಡೆಯನ್ನು ಕೊಡುವ ನೆಪ ಮಾಡಿಕೊಂಡು ಮಳೆಯಲ್ಲಿ ಹೊರಟೆ.

ಚೆನ್ನೆಮಣೆ ಅಟ್ಟದಿಂದ ಇಳಿಯುವುದು ಆ ತಿಂಗಳಲ್ಲಿ ಮಾತ್ರ. ಹದಿನಾಲ್ಕು ಗುಳಿಯ ಮರದ ಹಲಗೆ, ಆಡಲಿಕ್ಕೆ ಕೆಂಪು ಬೀಜ. ದೇವಕಿ ಸೆರಗು ಸಿಕ್ಕಿಸಿ ಎದುರು ಕೂತಳು. ಐದಾಟ ಆಡಿದೆವು, ಐದೂ ಸೋತೆ. ಗುಳಿಗೊಂದರಂತೆ ಹಾಕುತ್ತಾ ಹೋದರೆ ಬೀಜ ಎಲ್ಲಿ ಮುಗಿಯುತ್ತದೆಂದು ಅವಳಿಗೆ ಒಮ್ಮೆ ನೋಡಿದರೆ ತಿಳಿಯುತ್ತಿತ್ತು. ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ.

"ಭಾವ ಶಾಲೆಗೆ ಕಲೀಲಿಕ್ಕೆ ಹೋದದ್ದಾ, ಮಳೆಗೆ ನಿಲ್ಲಿಕ್ಕೆ ಹೋದದ್ದಾ?" ಎಂದಳು ಅವಳ ತಂಗಿ ಪ್ರಫುಲ್ಲಾ.

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ದೇವಕಿ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವ.

ಆಟಿ ಮುಗಿದು ಅವಳನ್ನು ಕರೆತರುವಾಗ ಬಸ್ಸಿನಲ್ಲಿ ಹೇಳಿದೆ, "ಗಂಡನನ್ನು ಸೋಲಿಸಿ ನಗುವ ಹೆಂಗಸು ನನ್ನ ಮನೆಗೆ ಬೇಡ." ಅವಳು ಕಿಟಕಿ ಕಡೆ ತಿರುಗಿದಳು. ಇಳಿಯುವವರೆಗೂ ಈ ಕಡೆ ನೋಡಲಿಲ್ಲ.

ಮರುವರ್ಷದಿಂದ ನಾನೇ ಗೆದ್ದೆ. ನಲವತ್ತಮೂರು ಆಟಿ. ಕಲಿತೆ ಎಂದುಕೊಂಡಿದ್ದೆ. ಹೋಟೆಲಿನಲ್ಲಿ ಬಂದವರಿಗೆಲ್ಲ ಹೇಳಿಕೊಂಡಿದ್ದೆ.

"ಎಂತ ನಿಂತದ್ದು? ಹೊಡೀರಿ," ಎಂದಳು ದೇವಕಿ.

"ನೀನು ಬೇಕಂತಲೇ ಬಿಟ್ಟದ್ದು."

"ವಯಸ್ಸಾಯ್ತಲ್ಲ, ಕೈ ಓಡುದಿಲ್ಲ."

"ಮಗುವಿನೆದುರು ಓಡ್ತಿತ್ತಲ್ಲ?"

ಅವಳು ಸೆರಗಿನ ತುದಿಯಿಂದ ಮೇಜಿನ ಅಂಚು ಒರೆಸಿದಳು. ಅಲ್ಲಿ ಧೂಳೇ ಇರಲಿಲ್ಲ.

"ಚೆನ್ನೆಯಲ್ಲೂ ಹೀಗೆಯಾ? ಎಲ್ಲಾ ವರ್ಷವಾ?"

"ಒಂದು ವರ್ಷ ಮಾತ್ರ ಕಷ್ಟ ಆಯ್ತು," ಎಂದಳು ಮೆಲ್ಲಗೆ. "ನಿಮಗೆ ಜ್ವರ ಇತ್ತು. ನಾನು ಎಷ್ಟು ಬಿಟ್ರೂ ನೀವು ಸೋಲ್ತಾ ಇದ್ರಿ. ಕಡೆಗೆ ನಾಲ್ಕು ಬೀಜ ಸೀರೆಯೊಳಗೆ ಅಡಗಿಸಿದೆ."

ಬೇರೆ ದಿನವಾದರೆ ನಗುತ್ತಿದ್ದೆ. ಮುಖವೆಲ್ಲ ಬಿಸಿಯಾಯಿತು. ಸುತ್ತಲಿನ ಬೆಳಕೆಲ್ಲ ನನ್ನ ಮೇಲೆಯೇ ಬಿದ್ದಂತೆ ತಲೆ ತಗ್ಗಿಸಿದೆ.

"ಬಸ್ಸಲ್ಲಿ ನಾನು ಹೇಳಿದ ಮಾತು..."

"ನೆನಪುಂಟಾ? ನೀವು ಮರ್ತಿದ್ದೀರಿ ಅಂತ ಎಣಿಸಿದ್ದೆ."

"ಮರೆತದ್ದಲ್ಲ. ಎತ್ಲಿಕ್ಕೆ ನಾಚಿಕೆ. ತಪ್ಪು ನಂದು ದೇವಕೀ. ಸೋತದ್ದಕ್ಕೆ ಉರಿದದ್ದಲ್ಲ. ಶಾಲೆಯ ಮಾತಿಗೆ ನೀನೂ ನಕ್ಕಿಯಲ್ಲ, ಅದಕ್ಕೆ."

ಅವಳು ನನ್ನನ್ನೇ ನೋಡಿದಳು.

"ನಾನು ನಕ್ಕದ್ದು ಶಾಲೆಗಾ? ಕೊಡೆ ಕೊಡ್ಲಿಕ್ಕೆ ಬಂದದ್ದು ಅಂತ ಅಮ್ಮನ ಹತ್ರ ಹೇಳಿದ್ರಿ. ಕೊಡೆ ಎಲ್ಲಿತ್ತು ಮಾರಾಯ್ರೇ? ತಲೆಯಿಂದ ನೀರು ಇಳೀತಿತ್ತು, ಕೈ ಖಾಲಿ. ನನ್ನನ್ನು ನೋಡ್ಲಿಕ್ಕೇ ಬಂದದ್ದು ಅಂತ ಗೊತ್ತಾಯ್ತು. ಅವತ್ತಿಡೀ ಎಂತ ಕೇಳಿದ್ರೂ ನಗು ಬರ್ತಿತ್ತು ನನಗೆ."

ಕೊಡೆ ಒಯ್ಯಲಿಲ್ಲ ಎಂಬುದು ನನಗೆ ಆ ಕ್ಷಣದವರೆಗೆ ಗೊತ್ತೇ ಇರಲಿಲ್ಲ. ಅವಳ ಸಂತೋಷವನ್ನು ನಾನು ಬಸ್ಸಿನಲ್ಲಿ ಬಾಯಿ ಮುಚ್ಚಿಸಿ ಮನೆಗೆ ತಂದಿದ್ದೆ.

ನಮ್ಮಿಬ್ಬರ ನಡುವೆ ಮೇಜು ಸುಮ್ಮನೆ ಉಸಿರಾಡುತ್ತಿತ್ತು. ಕೊನೆಗೆ, "ಸೆರಗು ಸಿಕ್ಕಿಸು," ಎಂದೆ.

"ಈಗ ಆಟಿ ಅಲ್ಲ."

"ಇಲ್ಲಿ ವರ್ಷವಿಡೀ ಆಟಿಯೇ. ಸಿಕ್ಕಿಸು."

"ಸೋತ್ರೆ ಮುಖ ಊದಿಸ್ಲಿಕ್ಕಿಲ್ಲ."

"ಇಲ್ಲ."

"ಊಟ ಬಿಡ್ಲಿಕ್ಕಿಲ್ಲ."

"ನಾನೇ ದೋಸೆ ಎರೆದು ಕೊಡ್ತೇನೆ."

ಅವಳು ಕೂಡಲೇ ನಂಬಲಿಲ್ಲ. ಓರೆಗಣ್ಣಿನಿಂದ ನನ್ನ ಮುಖ ಓದಿದಳು. ಅದನ್ನು ಓದಲು ಅವಳು ಚೆನ್ನಾಗಿ ಕಲಿತಿದ್ದಳು, ಪಾಪ, ಕಲಿಯಲೇಬೇಕಾಗಿತ್ತು. ಆಮೇಲೆ ಸೆರಗನ್ನು ನಿಧಾನಕ್ಕೆ ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿದಳು.

ಠಕ್. ನಾನು ಕೈ ಎತ್ತುವ ಮೊದಲೇ. ಠಕ್. ಮತ್ತೆ ಠಕ್.

ಅಮೂಲ್ಯಾ ಐಸ್‌ಕ್ರೀಮ್ ನೆಕ್ಕುತ್ತಾ ಬಂದು ಬೋರ್ಡು ನೋಡಿದಳು. "ಅಜ್ಜನಿಗೆ ಒಂದು, ಅಜ್ಜಿಗೆ ಏಳು! ಅಜ್ಜಾ, ನಾಚಿಕೆ ಆಗುದಿಲ್ವಾ?"

"ಆಗ್ತದೆ ಮಗಾ," ಎಂದೆ. "ತುಂಬಾ ಆಗ್ತದೆ."

ಎದುರಿನಿಂದ ದೇವಕಿ ನಕ್ಕಳು. ಬಾಯಿ ತುಂಬ, ಜಗಲಿಯಲ್ಲಿ ನಕ್ಕ ಹಾಗೆಯೇ.