ಗೋಡೆಯಾಚೆಯ ಬಾಟಲಿ

ರಿಯಾದಿನ ರಾಜತಾಂತ್ರಿಕರ ಬಡಾವಣೆಯ ಪೊಲೀಸ್ ಠಾಣೆಗೆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಂದ ದೂರನ್ನು ಕ್ಯಾಪ್ಟನ್ ಮಿಶಾಲ್ ಎರಡು ಸಲ ಓದಿಸಿಕೊಂಡ. ಡಿಯೆಗೋ ಎಂಬ ರಾಜತಾಂತ್ರಿಕರ ಮನೆಯಿಂದ ಒಂದು ಬಾಟಲಿ ವೈನ್ ಕಾಣೆಯಾಗಿತ್ತು. ಸ್ಪೇನಿನ ಬಿಳಿ ವೈನ್, ಸಿಹಿಯಿಲ್ಲದ್ದು. ಅವರ ತಾಯಿಯ ಮನೆತನದವರು ನೂರು ವರ್ಷದ ಹಿಂದೆ ನೆಟ್ಟ ದ್ರಾಕ್ಷಿ ಬಳ್ಳಿಗಳದ್ದು. ಆ ತೋಟ ಈಗ ಬೇರೆಯವರ ಪಾಲಾಗಿದೆ. ಉಳಿದಿದ್ದ ಬಾಟಲಿ ಅದೊಂದೇ.

ಮದ್ಯ ನಿಷೇಧದ ದೇಶದಲ್ಲಿ ಮದ್ಯ ಕಳುವಾಯಿತೆಂದು ಠಾಣೆ ಹತ್ತುವುದಕ್ಕೂ ಗುಂಡಿಗೆ ಬೇಕು. ರಾಜತಾಂತ್ರಿಕರಿಗೆ ಮನೆಯ ಕಾಂಪೌಂಡಿನೊಳಗೆ ವಿನಾಯಿತಿ ಇದೆ. ಗೋಡೆ ದಾಟಿದ ಕೂಡಲೇ ಅದೇ ಬಾಟಲಿ ಅಪರಾಧವಾಗುತ್ತದೆ. ಹೊತ್ತವನಿಗೆ ಮೊದಲು ಜೈಲು, ಆಮೇಲೆ ಗಡೀಪಾರು.

ಹತ್ತೂಕಾಲಿಗೆ ಸ್ಥಳ ಪರಿಶೀಲನೆ ನಡೆಯಿತು. ಮಿಶಾಲನ ಜತೆ ಠಾಣೆಯ ದುಭಾಷಿ ಅಬ್ದುಲ್ಲ ಕುಂಞಿ ಇದ್ದ. ಊರು ಉಪ್ಪಿನಂಗಡಿ, ತಲೆ ಬೆಳ್ಳಗಾದದ್ದು ಸೌದಿಯಲ್ಲಿ. ಕಪಾಟಿನ ಬೀಗ ಮುರಿದಿರಲಿಲ್ಲ. ದುಬಾರಿ ವಿಸ್ಕಿಯ ಸಾಲು ಹಾಗೇ ಇತ್ತು.

“ಮಾರುವ ಕಳ್ಳ ವಿಸ್ಕಿ ಬಿಟ್ಟು ಹುಳಿ ನೀರು ಒಯ್ಯುತ್ತಾನೆಯೇ?” ಎಂದ ಮಿಶಾಲ್.

ಮನೆಯಲ್ಲಿ ಕೆಲಸದವರು ಇಬ್ಬರು. ಗಂಗೊಳ್ಳಿಯ ಡ್ರೈವರ್ ನಿಸಾರ್, ಬೆಳ್ತಂಗಡಿ ಕಡೆಯ ಅಡುಗೆಯವ ನೋಣಯ. ಶನಿವಾರ ಸಂಜೆ ನಿಸಾರ್ ಕಾರಿನಲ್ಲಿ ಹೊರಗೆ ಹೋಗಿ ಬಂದದ್ದು ಗೇಟಿನ ಕ್ಯಾಮೆರಾದಲ್ಲಿತ್ತು. ಪಕ್ಕದ ಸೀಟಿನಲ್ಲಿ ಚೀಲವೂ ಇತ್ತು. ಅಷ್ಟು ಸಾಕಾಯಿತು. ಹನ್ನೊಂದು ಗಂಟೆಗೆ ಅವನ ವಾಸದ ಪರವಾನಗಿ, ಇಕಾಮಾ, ವಶಪಡಿಸಿಕೊಂಡು ಜೀಪು ಹತ್ತಿಸಿದರು. ನೋಣಯ ಅಡುಗೆಮನೆ ಬಾಗಿಲಲ್ಲಿ ನಿಂತು, ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಠಾಣೆಯಲ್ಲಿ ವಿಚಾರಣೆ ಶುರುವಾಯಿತು. ಮಿಶಾಲನ ಪ್ರಶ್ನೆಗಳನ್ನು ಕುಂಞಿ ಕನ್ನಡದಲ್ಲಿ ಕೇಳಿದ.

“ಬಾಟಲಿ ಯಾರಿಗೆ ಕೊಟ್ಟೆ?”

“ಅಲ್ಲಾನಾಣೆ ನಾನು ಮುಟ್ಟಲಿಲ್ಲ ಅಬ್ದುಲ್ಲಾಕ. ಹೆಂಡತಿ ಶಹಾನಾ ಮಗುವನ್ನು ಕರ್ಕೊಂಡು ಗುರುವಾರ ಇಲ್ಲಿಗೆ ಬರ್ತಾಳೆ. ಮಗುವಿನ ಮುಖ ನಾನು ಇನ್ನೂ ನೋಡ್ಲಿಲ್ಲ. ಇಂಥ ಹೊತ್ತಲ್ಲಿ ಹರಾಮಿನ ಕೆಲಸ ಮಾಡ್ತೇನಾ?”

“ಚೀಲದಲ್ಲಿ ಎಂತ ಇತ್ತು?”

“ಸಾಮಾನು. ನೋಣಯಣ್ಣ ತರ್ಲಿಕ್ಕೆ ಹೇಳಿದ್ರು.”

ಕಾರಿನ ತಪಾಸಣೆ ಮಾಡಿದ ಪೇದೆ ಒದ್ದೆ ಪೇಪರಿನ ಚೂರೊಂದನ್ನು ಮೇಜಿನ ಮೇಲಿಟ್ಟ. ಅದಕ್ಕೊಂದು ವೀಳ್ಯದೆಲೆ ಅಂಟಿತ್ತು.

“ಎಲೆ ಬಿಟ್ಟು ಬೇರೆ ಎಂತ?” ಕುಂಞಿಯ ದನಿ ಸಣ್ಣಗಾಯಿತು.

“ಅಡಿಕೆ. ಮತ್ತೆ ಒಂದು ಪ್ಯಾಕೆಟ್ ಚಕ್ಕುಲಿ.”

ಕುಂಞಿ ಮೇಜಿನ ಮೇಲಿನ ಎಲೆಯನ್ನು ಪೇಪರಿನಿಂದ ಬಿಡಿಸಿದ. ವೀಳ್ಯ, ಚಕ್ಕುಲಿ, ಒಂದು ಬಾಟಲಿ. ಉಪ್ಪಿನಂಗಡಿಯಲ್ಲಿ ಹುಟ್ಟಿದವನಿಗೆ, ಬ್ಯಾರಿ ಮುಸ್ಲಿಮನಾದರೂ, ಇದು ಗೊತ್ತಿಲ್ಲದೆ ಇರುವುದಿಲ್ಲ. ಕಳೆದದ್ದು ಸಿಕ್ಕಿದರೆ ದೈವ ಕೊರಗಜ್ಜನಿಗೆ ಈ ಮೂರನ್ನು ಕೊಡುತ್ತೇನೆಂದು ಊರಿನ ಜನ ಹರಕೆ ಹೇಳಿಕೊಳ್ಳುತ್ತಾರೆ; ಇಡುವುದು ಹೊರಗೆ, ಮರದ ಬುಡದಲ್ಲಿ. ಆ ಬಾಟಲಿಯಲ್ಲಿ ಇರಬೇಕಾದದ್ದು ಕಳ್ಳು. ರಿಯಾದಿನಲ್ಲಿ ಕಳ್ಳು ಎಲ್ಲಿಂದ ಬರಬೇಕು? ವಿಸ್ಕಿ ಕೆಂಪು, ಈ ವೈನಾದರೆ ಕಳ್ಳಿನ ಹಾಗೆ ಬಿಳಿ, ಹುಳಿ.

ಬಾಯಿ ಬಿಟ್ಟರೆ ನೋಣಯ ಜೈಲಿಗೆ, ಬಿಡದಿದ್ದರೆ ನಿಸಾರ್. ಅತ್ತ ದರಿ, ಇತ್ತ ಪುಲಿ. ಕುಂಞಿಗೆ ಆ ಕ್ಷಣ ತನ್ನ ಕೆಲಸದ ಮೇಲೆಯೇ ಅಸಹ್ಯ ಬಂತು.

“ಅವನೇನು ಹೇಳಿದ?” ಎಂದ ಮಿಶಾಲ್.

ಕುಂಞಿ ನಿಸಾರನ ಮುಖ ನೋಡಿದ. ಆಮೇಲೆ ಹೇಳಿದ, “ಬಾಟಲಿ ಎಲ್ಲಿದೆಯೆಂದು ನನಗೆ ಅಂದಾಜಿದೆ ಸರ್. ಗೋಡೆಯ ಹೊರಗೆ ಮರ ಇದ್ದರೆ, ಅದರ ಬುಡದಲ್ಲಿ.”

ಎರಡು ಗಂಟೆಗೆ ಮತ್ತೆ ಡಿಯೆಗೋ ಮನೆಗೆ ಹೋದರು. ಕಸ ಹಾಕುವ ಹಿಂಬಾಗಿಲಿಗೆ ಕ್ಯಾಮೆರಾ ಇರಲಿಲ್ಲ. ಹೊರಗೆ ಮರಳಿನಲ್ಲಿ ಒಂದೇ ಜಾಲಿ ಮರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಪೊಲೀಸರು ಆ ಕಡೆ ತಿರುಗುವ ಮೊದಲೇ ನೋಣಯ ಅಲ್ಲಿಗೆ ಓಡಿದ್ದ.

ಬುಡದಲ್ಲಿ ಬಾಳೆಲೆಯ ಬದಲು ಅಡಿಕೆ ಹಾಳೆಯ ತಟ್ಟೆ. ಅದರಲ್ಲಿ ಚಕ್ಕುಲಿ, ವೀಳ್ಯ. ಪಕ್ಕದಲ್ಲಿ ಬಿರಡೆ ತೆಗೆದ ಬಾಟಲಿ, ಕುತ್ತಿಗೆಯವರೆಗೂ ತುಂಬಿತ್ತು.

“ಒಂದು ಗುಟುಕೂ ಕುಡಿದಿಲ್ಲ,” ಎಂದ ಮಿಶಾಲ್. “ಮತ್ತೆ ಯಾಕೆ ಕದ್ದ?”

“ತಮ್ಮನ ಬೋಟು ಸಮುದ್ರದಲ್ಲಿ ಕಾಣೆಯಾಗಿತ್ತು,” ಎಂದ ನೋಣಯ. “ಮಲ್ಪೆಯಲ್ಲಿ ಎಲ್ಲರೂ ಕೈಬಿಟ್ಟಿದ್ರು. ಯೋಗೀಶ ಸಿಕ್ಕಿದ್ರೆ ಆ ದಿನವೇ ಕೊಡ್ತೇನೆ ಅಂತ ಅಜ್ಜನಿಗೆ ಹೇಳಿಕೊಂಡೆ. ಶನಿವಾರ ಸಿಕ್ಕಿದ, ಜೀವ ಸಮೇತ. ನಿಸಾರನನ್ನು ಬಿಡಿ ಅಬ್ದುಲ್ಲಾಕ. ಅವನಿಗೆ ಎಂತದೂ ಗೊತ್ತಿಲ್ಲ. ಬೆಳಿಗ್ಗೆಯೇ ಹೇಳ್ಬೇಕಿತ್ತು, ನಾಲಗೆ ಏಳ್ಲಿಲ್ಲ.”

“ಕಾಂಪೌಂಡಿನ ಒಳಗೇ ಇಟ್ಟಿದ್ರೆ ಪೊಲೀಸರ ಕೇಸೇ ಆಗ್ತಿರ್ಲಿಲ್ಲ ಮಾರಾಯ!” ಎಂದ ಕುಂಞಿ.

“ಅಜ್ಜನಿಗೆ ಕೊಡುವುದನ್ನು ಬೇರೆಯವರ ಮನೆ ಒಳಗೆ ಇಡ್ಲಿಕ್ಕುಂಟಾ? ನಿಮಗೆ ಗೊತ್ತಿಲ್ವಾ?”

ಕುಂಞಿಗೆ ಗೊತ್ತಿತ್ತು. ಅದನ್ನು ಅರಬಿಗೆ ಹೇಗೆ ತರುವುದೆಂದು ಮಾತ್ರ ತಿಳಿಯಲಿಲ್ಲ.

ವಿಷಯ ಕೇಳಿದ ಡಿಯೆಗೋ ದೂರು ಹಿಂತೆಗೆದುಕೊಳ್ಳುತ್ತೇನೆಂದರು. ಕಳವಿನ ದೂರು ಹಿಂತೆಗೆದುಕೊಳ್ಳಬಹುದು, ಗೋಡೆಯಾಚೆ ಸಿಕ್ಕ ಮದ್ಯವನ್ನಲ್ಲ ಎಂದ ಮಿಶಾಲ್. ಬಾಟಲಿಗೆ ಸೀಲು ಹಾಕಿ ಮಹಜರು ಮುಗಿಸಿದ. ಚಕ್ಕುಲಿ, ವೀಳ್ಯ ಇದ್ದ ತಟ್ಟೆಯನ್ನು ನೋಡಿ, ಮಹಜರಿನಲ್ಲಿ ಸೇರಿಸದೆ, ಮರದ ಬುಡದಲ್ಲೇ ಬಿಟ್ಟ. ನಾಲ್ಕು ಗಂಟೆಗೆ ನೋಣಯನ ಬಂಧನವಾಯಿತು, ನಿಸಾರನ ಬಿಡುಗಡೆಯಾಯಿತು.

ಠಾಣೆಯಲ್ಲಿ ವಶಪಡಿಸಿಕೊಂಡ ಸಾಮಾನಿನ ನಡುವೆ ನೋಣಯನ ಮೊಬೈಲು ಹೊಡೆದುಕೊಂಡಿತು. ಕರೆ ತಮ್ಮನದೆಂದು ಕುಂಞಿ ಹೇಳಿದ. ಮಿಶಾಲ್ ಕಿಟಕಿಯ ಕಡೆ ತಿರುಗಿ, ಒಂದು ನಿಮಿಷ ಮಾತಾಡಲಿ ಎಂದ.

“ಅಣ್ಣ, ಡಾಕ್ಟ್ರು ಮನೆಗೆ ಬಿಟ್ರು,” ಎಂದಿತು ಸೋತ ದನಿ. “ಅಜ್ಜನ ಹರಕೆ ಬಾಕಿ ಉಂಟಲ್ಲ? ಅಲ್ಲಿ ನಿನಗೆ ಕಷ್ಟ. ನಾನೇ ಇಲ್ಲಿ ಕೊಡ್ತೇನೆ, ಆಗ್ದಾ?”

ನೋಣಯ ಕೈಯ ಬೇಡಿ ಸದ್ದಾಗದಂತೆ ಮೊಬೈಲನ್ನು ಕಿವಿಗೆ ಒತ್ತಿಕೊಂಡ.

“ಬೇಡ ಮಾರಾಯ,” ಎಂದ. “ನಿನ್ನೆಯೇ ಕೊಟ್ಟಾಯ್ತು.”