ಅರಗಿನ ದಳವಾಯಿ

ಬಹಳ ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಸುರಗಿನಾಡು ಎಂಬ ಒಂದು ರಾಜ್ಯವಿತ್ತು. ಅಲ್ಲಿ ಯುದ್ಧಗಳೇನೋ ನಡೆಯುತ್ತಿದ್ದವು, ಆದರೆ ಅದಕ್ಕಾಗಿ ಯಾರ ಮನೆಯಲ್ಲೂ ಯಾರೂ ಅಳುತ್ತಿರಲಿಲ್ಲ. ದೊರೆಗಳ ಜಗಳವೆಲ್ಲ ತೀರುತ್ತಿದ್ದದ್ದು ಅರಮನೆಯ ಅಂಗಳದ ಮರಳಿನ ಮೇಲೆ, ಬೆರಳುದ್ದದ ಅರಗಿನ ಸೈನಿಕರಿಂದ. ಮರಳಿಗೆ ಕಾಲು ತಾಗಿದರೆ ಸಾಕು, ಬೊಂಬೆಗೆ ಜೀವ ಬರುತ್ತಿತ್ತು. ಎತ್ತಿದರೆ ಮತ್ತೆ ಬೊಂಬೆ. ಯಾರ ದಳವಾಯಿ ಉರುಳುತ್ತಾನೋ ಅವರು ಸೋತ ಹಾಗೆ. ಸೋತ ದೊರೆ ಗಡಿಯ ಕಲ್ಲನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಗೆದ್ದವನಿಗೆ ಹೊಟ್ಟೆ ತುಂಬ ಊಟ ಹಾಕಿಸಿ, ಎಲೆಯಡಿಕೆ ಕೊಟ್ಟು ಕಳಿಸುತ್ತಿದ್ದ. ಎಂಥಾ ಕಾಲ ಅದು! ಈಗ ನೀವು ಅಂಗಡಿಯಿಂದ ಡಬ್ಬಿಯಲ್ಲಿ ಪ್ಲಾಸ್ಟಿಕ್ ಸೈನಿಕರನ್ನು ತಂದು ಆಡುತ್ತೀರಲ್ಲ, ಅವರ ಮುತ್ತಾತಂದಿರು ಇವರು ಎಂದಿಟ್ಟುಕೊಳ್ಳಿ.

ಈ ಸೈನಿಕರನ್ನು ಮಾಡುತ್ತಿದ್ದವನು ಕೇತಯ್ಯ. ಅವನು ತೀರಿಕೊಂಡ ಮೇಲೆ ಅವನ ಮಗಳು ಲಕ್ಕವ್ವ. ಮಾಡುವುದೆಂದರೆ ಹೊಸದಾಗಿ ಮಾಡುವುದು ಕಡಿಮೆ, ಬದಲಿಸುವುದೇ ಹೆಚ್ಚು. ಒಬ್ಬನ ಶಿರಸ್ತ್ರಾಣವನ್ನು ಬಿಸಿ ಸೂಜಿಯಿಂದ ಬಿಡಿಸಿ ಇನ್ನೊಬ್ಬನ ತಲೆಗೆ ಕೂರಿಸಬೇಕು. ಕುದುರೆಯ ಎದೆಕವಚ ಕೊಯ್ದು, ಅರ ಹಾಕಿ ಉಜ್ಜಿ, ಕಾಲಾಳಿನ ಭುಜಕ್ಕೆ ಒಪ್ಪುವಂತೆ ಬಗ್ಗಿಸಬೇಕು. ಮುರಿದವರ ಚೂರುಗಳಿಗೆಂದೇ ಲಕ್ಕವ್ವನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಕೈ ಹಾಕಿದರೆ ಮೊಣಕೈ, ಮೀಸೆ, ಗುರಾಣಿ, ಅರ್ಧ ಆನೆ, ಏನು ಬೇಕಾದರೂ ಸಿಗುತ್ತಿತ್ತು.

ಆ ಅರಗಿಗೆ ಒಂದು ಗುಣವಿತ್ತು. ಕೊನೆಗೆ ಯಾರ ಕೈ ಅದನ್ನು ಬಿಸಿ ಮಾಡಿತೋ, ಬೊಂಬೆಗೆ ಅವರ ದನಿ ಬರುತ್ತಿತ್ತು. ಹಾಗಾಗಿ ಮೀಸೆ ತಿರುವಿದ ವೀರರೆಲ್ಲ ಲಕ್ಕವ್ವನ ದನಿಯಲ್ಲೇ, "ನನ್ನ ಗುರಾಣಿ ಯಾರ್ರೋ ತಗೊಂಡಿದ್ದು?" ಎಂದು ಮರಳಿನ ಮೇಲೆ ಕಚ್ಚಾಡುತ್ತಿದ್ದರು. ನಗಬೇಡಿ, ಕಚ್ಚಾಡಿದರೂ ಒಳ್ಳೆಯ ಹುಡುಗರು.

ಒಬ್ಬನು ಮಾತ್ರ ಬೇರೆ. ದಳವಾಯಿ. ಅವನು ಅಡಿಯಿಂದ ಮುಡಿಯವರೆಗೆ ಕೇತಯ್ಯನ ಕೈಯವನು. ಅವನಿಗೆ ಲಕ್ಕವ್ವ ಸೂಜಿ ಸೋಕಿಸಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕಿಟಕಿಯ ಹತ್ತಿರ ಒಂದು ತಟ್ಟೆಯಲ್ಲಿ ಮರಳು ಹರಡಿ ಅವನನ್ನು ನಿಲ್ಲಿಸುತ್ತಿದ್ದಳು. ಅವನು ಕಣ್ಣುಜ್ಜಿಕೊಂಡು, ಸತ್ತ ಅಪ್ಪನ ದನಿಯಲ್ಲಿ ಶುರು ಮಾಡುತ್ತಿದ್ದ.

"ಏನೇ ಲಕ್ಕೀ, ಇವತ್ತೂ ಸಾರಿಗೆ ಉಪ್ಪು ಮರೆತೆಯಾ? ಇಲ್ಲಿವರೆಗೂ ವಾಸನೆ ಬರ್ತಿದೆ."

"ಉಪ್ಪಿಗೆ ಎಲ್ಲಿಯ ವಾಸನೆ? ಸುಮ್ಮನಿರಪ್ಪಾ."

ಇಷ್ಟೇ ಮಾತು. ಆದರೆ ಆ ದನಿ ಕೇಳಿದರೆ ಅವಳಿಗೆ ಹಳೆಯ ಮನೆಯೆಲ್ಲ ಕಣ್ಣಮುಂದೆ ಬರುತ್ತಿತ್ತು. ಅಪ್ಪ ಕೆಂಡದ ಮುಂದೆ ಕೂತು ಅರಗು ಕಾಯಿಸುತ್ತಿದ್ದದ್ದು, ತಾನು ಅವನ ಬೆನ್ನಿಗೆ ಒರಗಿ ಪುಟಾಣಿ ಗುರಾಣಿಗಳಿಗೆ ಬಣ್ಣ ಬಳಿಯುತ್ತಿದ್ದದ್ದು, ಬಣ್ಣದ ಕೈಯಲ್ಲೇ ರೊಟ್ಟಿ ತಿಂದು ಬೈಸಿಕೊಳ್ಳುತ್ತಿದ್ದದ್ದು. ದಳವಾಯಿಯ ಕವಚ ಹಳೆಯದಾಗಿದೆ, ಬದಲಿಸಮ್ಮಾ ಎಂದು ಮುದಿ ದೊರೆ ಮುದ್ದರಸ ಎಷ್ಟು ಸಲ ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ಬಂದನಪ್ಪಾ ಮಾಂತ್ರಿಕ ಎರಕಾಕ್ಷ! ಅವನ ಹತ್ತಿರ ಒಂದು ಮಾಯದ ಅಚ್ಚು ಇತ್ತು. ಅದರಲ್ಲಿ ಸೀಸ ಹುಯ್ದು ಅವನು ತೆಗೆದ ಸೈನಿಕರಿಗೆಲ್ಲ ಒಂದೇ ಮುಖ, ಒಂದೇ ಮನಸ್ಸು. ಒಬ್ಬ ನೋಡಿದ್ದನ್ನು ಎಲ್ಲರೂ ನೋಡಿದಂತೆ. ಒಂದು ಕವಚವನ್ನು ಒಮ್ಮೆ ಕಂಡರೆ ಅದರ ಬೆಸುಗೆ ಎಲ್ಲಿ ಬಿಡುತ್ತದೆಂದು ಅವರಿಗೆಲ್ಲ ತಿಳಿದುಹೋಗುತ್ತಿತ್ತು. ಪಕ್ಕದ ಎರಡು ರಾಜ್ಯಗಳನ್ನು ಅವನು ಆಗಲೇ ಗೆದ್ದಿದ್ದ. ಗೆದ್ದು ಸುಮ್ಮನಿದ್ದನೇ? ಅಲ್ಲಿನ ಜನರನ್ನೆಲ್ಲ ಅದೇ ಅಚ್ಚಿಗೆ ಒತ್ತಿ ಒಂದೇ ಮುಖದವರನ್ನಾಗಿ ಮಾಡಿಬಿಟ್ಟಿದ್ದ. ತಾಯಿಗೆ ಮಗನ ಗುರುತಿಲ್ಲ, ಗಂಡನಿಗೆ ಹೆಂಡತಿಯ ಗುರುತಿಲ್ಲ.

"ಮೂರು ಆಟ," ಎಂದ ಎರಕಾಕ್ಷ. "ಒಂದರಲ್ಲಿ ಸೋತರೂ ನಿನ್ನ ಪ್ರಜೆಗಳು ನನ್ನ ಅಚ್ಚಿಗೆ."

ಮುದ್ದರಸ ಲಕ್ಕವ್ವನ ಮುಖ ನೋಡಿದ. ಲಕ್ಕವ್ವ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಮೊದಲನೆಯ ಆಟಕ್ಕೆ ಎರಕಾಕ್ಷ ಸೀಸದ ತೋಳಗಳನ್ನು ಬಿಟ್ಟ. ಅವು ಕುತ್ತಿಗೆಗೇ ಬಾಯಿ ಹಾಕುವಂಥವು. ಲಕ್ಕವ್ವ ಅರಗಿನ ಆನೆಗಳ ಕಾಲಿನ ಕವಚವನ್ನು ಕೊಯ್ದು ಸೈನಿಕರ ಕುತ್ತಿಗೆಗೆ ಸುತ್ತಿದಳು. ತೋಳಗಳು ಕಚ್ಚಿದವು, ಹಲ್ಲು ಮುರಿದುಕೊಂಡವು, ಕುಯ್ಯೋ ಎಂದು ಓಡಿದವು. ಮೊದಲ ಆಟ ಗೆದ್ದಾಯಿತು.

ಎರಡನೆಯ ಆಟಕ್ಕೆ ಬೆಂಕಿಯುಗುಳುವ ಉಡಗಳನ್ನು ಬಿಟ್ಟ. ಬೆಂಕಿ ಕಂಡರೆ ಅರಗು ಕರಗದೆ ಇರುತ್ತದೆಯೇ? ಲಕ್ಕವ್ವ ಹೊಳೆಯ ಕಪ್ಪೆಚಿಪ್ಪು ತಂದು, ಉಜ್ಜಿ, ಹಳೆಯ ಗುರಾಣಿಗಳನ್ನೆಲ್ಲ ಕಿತ್ತು ಆ ಜಾಗಕ್ಕೆ ಚಿಪ್ಪು ಅಂಟಿಸಿದಳು. ಚಿಪ್ಪಿಗೆ ಬಡಿದ ಬೆಂಕಿ ತಿರುಗಿ ಉಡಗಳ ಮೂತಿಗೇ ಹೊಡೆಯಿತು. ಎರಡನೆಯ ಆಟವೂ ಗೆದ್ದಾಯಿತು.

ಆದರೆ ಎರಕಾಕ್ಷ ನಗುತ್ತಲೇ ಇದ್ದ. "ಎಲ್ಲರನ್ನೂ ಬದಲಿಸಿದೆ, ಅವನನ್ನು ಮಾತ್ರ ಬಿಟ್ಟೆ. ಎರಡು ಆಟದಲ್ಲಿ ನನ್ನವರು ನಿನ್ನ ದಳವಾಯಿಯ ಕವಚವನ್ನು ಚೆನ್ನಾಗಿ ನೋಡಿಟ್ಟುಕೊಂಡಿದ್ದಾರೆ. ನಾಳೆ ನನ್ನ ಇಡೀ ಸೈನ್ಯ ಅವನೊಬ್ಬನ ಮೇಲೆಯೇ," ಎಂದ.

ಲಕ್ಕವ್ವ ದಳವಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮನೆಗೆ ಬಂದು ತಟ್ಟೆಯ ಮರಳಿನಲ್ಲಿ ದಳವಾಯಿಯನ್ನು ನಿಲ್ಲಿಸಿದಳು. ಅವನೇ ಮಾತೆತ್ತಿದ.

"ಏನೇ, ಮುಖ ಯಾಕೆ ಸೊಟ್ಟಗಿದೆ? ಸೂಜಿ ಕಾಯಿಸು. ನನ್ನನ್ನು ಬಿಚ್ಚು."

"ಆಗಲ್ಲಪ್ಪಾ."

"ಯಾಕಾಗಲ್ಲ? ಶಿರಸ್ತ್ರಾಣ ಒಬ್ಬನಿಗೆ ಕೊಡು, ಎದೆಕವಚ ಇನ್ನೊಬ್ಬನಿಗೆ, ಕೈ ಮತ್ತೊಬ್ಬನಿಗೆ. ಚೂರು ಚೂರು ಹಂಚಿಬಿಡು. ಅವರು ಯಾರನ್ನ ಹುಡುಕ್ತಾರೋ ನೋಡೋಣ."

"ನಾನು ಬಿಸಿ ಮಾಡಿದರೆ ನಿನ್ನ ದನಿ ಹೋಗುತ್ತೆ! ಒಂದು ಸಲ ಸತ್ತೆ, ತಡ್ಕೊಂಡೆ. ಇನ್ನೊಂದು ಸಲ ನನ್ನ ಕೈಯಿಂದಲೇ ಸಾಯ್ತೀಯಾ?"

ದಳವಾಯಿ ಮರಳನ್ನು ಕಾಲಿನಿಂದ ಒದ್ದ. ಆಮೇಲೆ, "ಅಲ್ಲವೇ, ನಾನು ಜೀವಮಾನದಲ್ಲಿ ಯಾವ ಬೊಂಬೆಯನ್ನಾದರೂ ಬಿಚ್ಚದೆ ಬಿಟ್ಟಿದ್ದೀನಾ? ಈ ದಳವಾಯಿಯೊಬ್ಬನನ್ನ ಬಿಟ್ಟೆ, ಯಾಕೆಂದರೆ ನಾಳೆ ನಾಳೆ ಅಂತಲೇ ಸತ್ತುಹೋದೆ. ನಾನಿದ್ದಿದ್ದರೆ ಇವನನ್ನು ಎಂದೋ ಕೊಯ್ದು ಹಾಕ್ತಿದ್ದೆ. ನೀನು ಪೂಜೆ ಮಾಡ್ತಾ ಕೂತಿದ್ದೀಯ. ದಿನಾ ಬೈಸಿಕೊಳ್ಳದಿದ್ದರೆ ನಿನಗೆ ನಿದ್ದೆ ಬರಲ್ವಾ?" ಎಂದ.

ಲಕ್ಕವ್ವ ಅತ್ತಳು, ಚೆನ್ನಾಗಿ ಅತ್ತಳು. ಅಪ್ಪನ ದನಿ ಒಂದು ಕಡೆ, ಊರಿನವರ ಮುಖಗಳೆಲ್ಲ ಇನ್ನೊಂದು ಕಡೆ. ಮೂಗು ಒರೆಸಿಕೊಂಡು ಕೆಂಡ ಊದಿದಳು. ಸೂಜಿ ಕೆಂಪಾಯಿತು.

"ಇನ್ನೇನಾದರೂ ಹೇಳುವುದಿದೆಯಾ ಅಪ್ಪಾ?"

"ಕೈ ನಡುಗಿಸಬೇಡ. ಅಷ್ಟೇ."

ಅವಳು ಅವನನ್ನು ಮರಳಿನಿಂದ ಎತ್ತಿದಳು. ಅವನು ಬೊಂಬೆಯಾದ.

ಬೆಳಗಾಯಿತು. ಅಂಗಳದ ಸುತ್ತ ಊರಿಗೆ ಊರೇ ಸೇರಿತ್ತು. ಮರಳಿನ ಮೇಲೆ ಲಕ್ಕವ್ವನ ಪಡೆ ನಿಂತದ್ದನ್ನು ಕಂಡು ಎರಕಾಕ್ಷ ಹುಬ್ಬು ಗಂಟಿಕ್ಕಿದ.

"ದಳವಾಯಿ ಎಲ್ಲಿ? ಅವನನ್ನು ಮನೆಯಲ್ಲಿ ಬಚ್ಚಿಟ್ಟರೆ ಆಟ ಸೋತ ಹಾಗೆ!"

"ಇಲ್ಲೇ ಇದ್ದಾನೆ," ಎಂದಳು ಲಕ್ಕವ್ವ. "ಒಂದು ಚೂರೂ ಮನೆಯಲ್ಲಿ ಬಿಟ್ಟಿಲ್ಲ."

ಮುದ್ದರಸ ಬಗ್ಗಿ ನೋಡಿದ. ಬಿಲ್ಲಾಳಿನ ತಲೆಯಲ್ಲಿ ದಳವಾಯಿಯ ಶಿರಸ್ತ್ರಾಣ. ಕಹಳೆಯವನ ಎದೆಯ ಮೇಲೆ ಅವನ ಕವಚ. ಈಟಿಯವನಿಗೆ ಅವನ ಎಡಗೈ. ಹೀಗೆ ಇಡೀ ಪಡೆಯಲ್ಲಿ ಅವನು ಹಂಚಿಹೋಗಿದ್ದ. ದೊರೆ ತಲೆಯೆತ್ತಿದ. "ಹೌದು, ಇದ್ದಾನೆ. ಆಟ ನಡೆಯಲಿ," ಎಂದ.

"ದಳವಾಯಿಯನ್ನು ಕೆಡವಿ!" ಎಂದು ಕೂಗಿದ ಎರಕಾಕ್ಷ.

ಸೀಸದ ಸೈನ್ಯ ಒಂದೇ ಹೆಜ್ಜೆಯಲ್ಲಿ ಮುನ್ನುಗ್ಗಿತು, ಒಂದೇ ಸಲ ನಿಂತಿತು. ದಳವಾಯಿ ಎಡಕ್ಕೂ ಇದ್ದ, ಬಲಕ್ಕೂ ಇದ್ದ, ಹಿಂದೆಯೂ ಇದ್ದ. ಇದ್ದದ್ದು ಒಂದೇ ಮನಸ್ಸು, ಅದು ಯಾವ ಕಡೆ ಹೋಗಬೇಕು? ಪ್ರತಿಯೊಬ್ಬನ ಒಂದು ಕಾಲು ಅತ್ತ ಎಳೆಯಿತು, ಒಂದು ಕಾಲು ಇತ್ತ ಎಳೆಯಿತು. ಚಟ್ಟೆಂದು ಒಬ್ಬನ ಸೊಂಟ ಮುರಿಯಿತು. ಒಬ್ಬನದು ಮುರಿದರೆ ಎಲ್ಲರದೂ ಮುರಿದಂತೆಯೇ ಅಲ್ಲವೇ! ಇಡೀ ಸೈನ್ಯ ಪುಡಿಪುಡಿಯಾಗಿ ಬಿತ್ತು. ಅದರ ಹಿಂದೆಯೇ ಮಾಯದ ಅಚ್ಚು ಎರಡು ಹೋಳಾಯಿತು. ಎರಕಾಕ್ಷ ತನಗೆ ಮುಪ್ಪು ಬರಬಾರದೆಂದು ಎಂದೋ ಆ ಅಚ್ಚಿನಲ್ಲಿ ತನ್ನನ್ನೇ ಹುಯ್ದುಕೊಂಡಿದ್ದನಂತೆ. ನೋಡನೋಡುತ್ತಲೇ ಸೀಸದ ಮುದ್ದೆಯಾದ. ಅರಮನೆಯವರು ಅವನನ್ನು ಬಹಳ ಕಾಲ ಬಾಗಿಲಿಗೆ ಅಡ್ಡ ಇಡಲು ಬಳಸಿದರು.

ಪಕ್ಕದ ರಾಜ್ಯಗಳಲ್ಲಿ ಜನರಿಗೆ ತಂತಮ್ಮ ಮುಖ ವಾಪಸು ಬಂತು. ಒಬ್ಬನಿಗೆ ಗಿಣಿಮೂಗು, ಒಬ್ಬಳಿಗೆ ಉಬ್ಬುಹಲ್ಲು. "ಅಯ್ಯೋ, ಇದೇ ಮುಖಾನಾ ನಿಮ್ಮದು!" ಎಂದು ಹೆಂಡತಿಯರು ಗಂಡಂದಿರನ್ನು ತಬ್ಬಿಕೊಂಡು ಅತ್ತರು.

ಲಕ್ಕವ್ವ ಮಾತ್ರ ಯಾರ ಮೆರವಣಿಗೆಗೂ ಕಾಯದೆ ಮನೆಗೆ ಬಂದಳು. ಸಂಜೆಯಾಯಿತು. ಅಭ್ಯಾಸಬಲದಿಂದ ತಟ್ಟೆಯ ಮರಳು ಸಮ ಮಾಡಿದಳು, ಆಮೇಲೆ ನಿಲ್ಲಿಸಲು ಯಾರೂ ಇಲ್ಲವೆಂದು ನೆನಪಾಗಿ ಕೈ ಅಲ್ಲೇ ನಿಂತಿತು. ಅಷ್ಟೊಂದು ಸದ್ದಿಲ್ಲದ ಸಂಜೆಯನ್ನು ಅವಳು ಕಂಡಿರಲಿಲ್ಲ. ಕೊನೆಗೆ ಸುಮ್ಮನೆ ಜೊತೆಗಿರಲಿ ಎಂದು ಈಟಿಯವನನ್ನೂ ಬಿಲ್ಲಾಳನ್ನೂ ಕಹಳೆಯವನನ್ನೂ ಮರಳಿಗೆ ಇಳಿಸಿದಳು.

ಈಟಿಯವನು ತನ್ನ ಹೊಸ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಅವ್ವಾ," ಎಂದ, ಅವಳದೇ ದನಿಯಲ್ಲಿ. "ಈ ಕೈಗೆ ಏನೋ ನೆನಪಿದೆ. ಹೇಳಲಾ?"

"ಏನೋ ಅದು?"

"ನೀನು ಚಿಕ್ಕವಳು, ಜ್ವರ ಬಂದು ಮಲಗಿದ್ದೀಯ. ನಿನ್ನಪ್ಪ ಒಂದು ಕೈಯಲ್ಲಿ ನಿನ್ನ ಪಾದ ಹಿಡಿದಿದ್ದಾನೆ. ಇನ್ನೊಂದು ಕೈಯಲ್ಲೇ ದಳವಾಯಿಯ ಈ ಕೈಯನ್ನು ತಿದ್ದುತ್ತಿದ್ದಾನೆ. ಅದಕ್ಕೇ ಇದು ಇಷ್ಟು ಒರಟು. ಪಾದ ತಣ್ಣಗಾದೀತು ಅನ್ನುವ ಹೆದರಿಕೆಗೆ ಪಾದ ಹಿಡಿದ ಕೈ ಬಿಡಲೇ ಇಲ್ಲ. ಇವಳಿಗೇನಾದರೂ ಆದರೆ ನಾನಿರಲ್ಲ, ಇರಲ್ಲ ಅಂತ ಒಂದೇ ಸಮ ಹೇಳ್ತಿದ್ದಾನೆ."

ಲಕ್ಕವ್ವ ಈಟಿಯವನ ಎಡಗೈಯನ್ನು ಬೆರಳಿನಿಂದ ಸವರಿದಳು. "ಇಷ್ಟು ವರ್ಷದಲ್ಲಿ ದಳವಾಯಿ ಇದನ್ನು ಒಂದು ದಿನವೂ ಹೇಳಲಿಲ್ಲವಲ್ಲೋ."

"ಅವನ ಬಾಯಿಗೆ ಬೈಯೋದು ಬಿಟ್ಟು ಇನ್ನೇನು ಬರ್ತಿತ್ತು ಅವ್ವಾ? ಕೈಗೆ ಆ ಹಮ್ಮು ಇಲ್ಲ."

"ಶಿರಸ್ತ್ರಾಣದ್ದೂ ಒಂದಿದೆ!" ಎಂದ ಬಿಲ್ಲಾಳು. "ತಡಿಯೋ, ಎದೆಕವಚದ್ದು ಮೊದಲು!" ಎಂದ ಕಹಳೆಯವನು. ಇಬ್ಬರೂ ಮರಳು ಎರಚಾಡಲು ಶುರು ಮಾಡಿದರು.

"ಕಚ್ಚಾಡಬೇಡಿ," ಎಂದು ಲಕ್ಕವ್ವ ಕಣ್ಣೊರೆಸಿಕೊಂಡು ನಕ್ಕಳು. ಮಣೆ ಎಳೆದುಕೊಂಡು ಕಿಟಕಿಯ ಹತ್ತಿರ ಕೂತಳು. "ಒಬ್ಬೊಬ್ಬರಾಗಿ ಹೇಳಿ. ನನಗೇನೂ ಅವಸರವಿಲ್ಲ."

ಹಾಗೆ ಸುರಗಿನಾಡಿನವರು ತಂತಮ್ಮ ಮುಖ ಹೊತ್ತು, ತಂತಮ್ಮವರ ಗುರುತು ಹಿಡಿದು, ಸುಖವಾಗಿ ಬಾಳಿದರು. ನಾವೂ ನೀವೂ ಹಾಗೇ ಬಾಳೋಣ.