ಪಂಪಿಗಾದರೆ ಕಿವಿ ಕೊಡುವ ಅಪ್ಪ

"ಮತ್ತೆ ಶುರುವಾಯ್ತಾ ನಿನ್ನ ಕಿವಿಪುರಾಣ?" ಅಣ್ಣ ಮೂತಿ ತಿರುವಿದ.

ಅಪ್ಪನ ವರ್ಕ್‌ಶಾಪಿನ ಸ್ಟೂಲಿನ ಮೇಲೆ ಚಿನಕುರುಳಿ ಬಲಗಿವಿ ಒತ್ತಿಕೊಂಡು ಕೂತಿದ್ದಳು. ವಟವಟ ಅನ್ನುವ ಅವಳಿಗೆ ಮನೆಯವರು ಇಟ್ಟ ಹೆಸರು ಅದು. ತಿಂಗಳ ಹಿಂದೆ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಮಾಯಿತು. ಆದರೆ ಅಂದಿನಿಂದ ಕಿವಿಯೊಳಗೆ ಒಂದೇ ಸಮ ಸದ್ದು: ಜುಸ್... ಜುಸ್... ಜುಸ್. ಅವಳು ಓಡಿದರೆ ಅದೂ ಓಡುತ್ತಿತ್ತು.

"ಟೆಸ್ಟ್ ಇದ್ದ ದಿನವೇ ಜೋರಾಗುತ್ತಂತೆ! ನಿಮ್ಮ ಮಿಸ್ ನಕ್ಕಿದ್ದು ಸರಿ. ಆಕ್ಟಿಂಗಿಗೆ ಪ್ರೈಜ್ ಕೊಡ್ಬೇಕು ನಿಂಗೆ."

"ನಿನ್ನ ತಲೆ! ಟೆಸ್ಟ್ ದಿನ ಎದೆ ಢವಢವ ಅನ್ನುತ್ತಲ್ಲ, ಅದಕ್ಕೇ ಇದೂ ಜೋರಾಗೋದು."

ಅಪ್ಪ ತಲೆ ಎತ್ತಲಿಲ್ಲ. ನೀರಿನ ಪಂಪು ರಿಪೇರಿ ಅವನ ಕೆಲಸ. ರಬ್ಬರ್ ಕೊಳವೆಯ ಒಂದು ತುದಿ ಕಿವಿಗಿಟ್ಟು, ಇನ್ನೊಂದನ್ನು ಓಡುವ ಪಂಪಿನ ಮೈಮೇಲೆ ಆಡಿಸಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ.

"ಡಾಕ್ಟ್ರು ಮೆಷಿನ್ ಹಾಕಿ ನೋಡಿ, ಕಿವಿ ಚೆನ್ನಾಗಿ ಕೇಳುತ್ತೆ ಅಂದ್ರಲ್ಲಮ್ಮ. ಇಲ್ಲದ ಸದ್ದು ಕೇಳೋಕೆ ನನಗೆಲ್ಲಿ ಪುರುಸೊತ್ತು?"

"ಕಂಡೋರ ಪಂಪು ಕೆಮ್ಮಿದ್ರೆ ಮೊಣಕಾಲೂರಿ ಕೇಳ್ತೀಯ. ನಾನು ಪಂಪಾಗಿ ಹುಟ್ಬೇಕಿತ್ತು!"

ಅಣ್ಣ ಕಿಸಕ್ಕನೆ ನಕ್ಕ. ಅಪ್ಪನೂ ನಕ್ಕ. "ಬಾ ತಾಯಿ, ನಿನ್ನ ಬೇರಿಂಗೂ ನೋಡಿಬಿಡೋಣ."

ಪಂಪು ಆಫ್ ಮಾಡಿದ. ಕೊಳವೆಯ ತುದಿಯನ್ನು ಅಂಗಿಗೆ ಒರೆಸಿ ಅವಳ ಕಿವಿಯ ಹಿಂದಿಟ್ಟ. ತಮಾಷೆಗೆ ಕಣ್ಣು ಮುಚ್ಚಿದ.

ಮುಚ್ಚಿದ ಕಣ್ಣು ತೆರೆಯಲಿಲ್ಲ. ಮುಖದ ನಗು ಆರಿತು. ಅವನ ಇನ್ನೊಂದು ಕೈ ಅವಳ ಮಣಿಕಟ್ಟು ಹುಡುಕಿ ನಾಡಿ ಹಿಡಿಯಿತು.

"ಜುಸ್," ಎಂದ ಮೆಲ್ಲಗೆ. "ಜುಸ್... ಜುಸ್."

ಅವಳ ಕಿವಿಯೊಳಗಿನ ಸದ್ದಿಗೆ ಸರಿಯಾಗಿ, ಒಂದೂ ತಪ್ಪಲಿಲ್ಲ.

"ಅಪ್ಪಾ, ನೀನೂ ನಾಟಕ ಶುರು ಮಾಡಿದ್ಯಾ?"

"ಬಾಯ್ಮುಚ್ಚೋ. ಶಟರ್ ಎಳಿ. ಆಸ್ಪತ್ರೆಗೆ ಹೋಗ್ಬೇಕು."

ಆಸ್ಪತ್ರೆಯ ಡಾಕ್ಟರಮ್ಮ ಸ್ಟೆತಾಸ್ಕೋಪನ್ನು ಅವಳ ಕಿವಿಯ ಹಿಂದಿಟ್ಟು ತುಂಬ ಹೊತ್ತು ಆಲಿಸಿದರು. "ಬಿದ್ದಾಗ ಒಳಗಿನ ರಕ್ತನಾಳಕ್ಕೆ ಏಟಾಗಿರಬಹುದು. ರಕ್ತ ದಾರಿ ತಪ್ಪಿ ಹರಿಯೋ ಸದ್ದು ಇದು. ಇವತ್ತೇ ಸ್ಕ್ಯಾನ್ ಮಾಡೋಣ. ಒಳ್ಳೇ ಹೊತ್ತಿಗೆ ಬಂದಿದೀರಿ."

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅಪ್ಪ, ಮಗಳು ಕೂತಿದ್ದರು. ಅಣ್ಣ ಅವಳ ಶೂ ಎರಡನ್ನೂ ಎದೆಗವಚಿಕೊಂಡು ನಿಂತಿದ್ದ. ಒಂದು ತಿಂಗಳಿಂದ ಚಿನಕುರುಳಿ ಒಂದು ಮಾತನ್ನು ಮಸೆದು ಇಟ್ಟುಕೊಂಡಿದ್ದಳು: ಈಗ ಹೇಳಿ, ಯಾರದಂತೆ ನಾಟಕ?

ಬಾಯಿ ತೆರೆದಳು.

ಅಪ್ಪ ತನ್ನ ಕೈಗಳನ್ನೇ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು. ಅದನ್ನು ಅಂಗಿಯ ತುದಿಯಿಂದ ಮತ್ತೆ ಮತ್ತೆ ಒರೆಸುತ್ತಿದ್ದ.

ಅವಳು ಆ ಮಾತನ್ನು ನುಂಗಿಕೊಂಡಳು. ಎದ್ದು, ಅಪ್ಪ ತನ್ನ ಬಲಗಿವಿಯ ಕಡೆಗೆ ಬರುವಂತೆ ಜಾಗ ಬದಲಿಸಿ ಕೂತಳು.